ಒಂಬತ್ತು ಅನ್ನೋದು ಬೈಗುಳವಾದ ಶಾಲೆಯಲ್ಲಿ



ನಮ್ಮ ನಾಡಿನ ಶಾಲೆಗಳಲ್ಲಿ ಒಂದು ಅಂಕಿ ಬೈಗುಳವಾಗಿದೆ. ಅದು ಒಂಬತ್ತು. ಮೇಷ್ಟ್ರು ಹಾಜರಿ ಕೂಗುವಾಗ ಎಂಟರ ತನಕ ಸುಮ್ಮನಿದ್ದ ತರಗತಿ ಒಂಬತ್ತು ಅಂದ ಕೂಡಲೆ ಕಿಸಕ್ಕನೆ ನಗುತ್ತದೆ. ನಡಿಗೆ ಸ್ವಲ್ಪ ಬಳುಕಿದ ಹುಡುಗ ಒಂಬತ್ತು. ದನಿ ಒಡೆಯದ ಹುಡುಗ ಒಂಬತ್ತು. ಹೆಣ್ಣುಮಕ್ಕಳ ಜೊತೆ ಕುಂಟೆಬಿಲ್ಲೆ ಆಡಿದವನು ಒಂಬತ್ತು. ಅದೇ ಬಾಯಲ್ಲಿ ಚಕ್ಕ, ಖೋಜಾ, ಹೆಣ್ಣಿಗ ಅನ್ನೋ ಮಾತೂ ಬರುತ್ತವೆ. ಕೂದಲು ಗಿಡ್ಡ ಮಾಡಿಸಿಕೊಂಡು ಮರ ಹತ್ತುವ ಹುಡುಗಿಗೆ ಗಂಡುಬೀರಿ ಅನ್ನೋ ಹೆಸರು ಕಾದೇ ಇರುತ್ತದೆ. ಹುಡುಗರು ನಗುವುದು ಇರಲಿ, ಲೆಕ್ಕ ಹೇಳಿಕೊಡಬೇಕಾದ ಮೇಷ್ಟ್ರೂ ಈ ಅಂಕಿ ಬಂದಾಗ ನಗುತ್ತಾರಲ್ಲ, ಅದಕ್ಕೆ ಏನು ಹೇಳೋಣ?

ಜಾತಿಯ ಹೆಸರನ್ನೇ ಬೈಗುಳವಾಗಿ ಕೇಳಿಸಿಕೊಂಡು ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಮನುಷ್ಯನ ಹುಟ್ಟಿನ ಗುರುತನ್ನೇ ಬೈಗುಳ ಮಾಡಿಬಿಟ್ಟರೆ ಅವನ ಬೆನ್ನು ಬಗ್ಗಿಸಲು ಬೇರೆ ದೊಣ್ಣೆ ಬೇಕಾಗುವುದಿಲ್ಲ. ಹೊಲೆಯ, ಮಾದಿಗ ಅಂತ ಉಗುಳುತ್ತಿದ್ದ ಬಾಯಿಗೆ ನಾವು ಬಡಿದಾಡಿ ಕಾನೂನಿನ ಬೀಗ ಹಾಕಿಸಿದೆವು. ಮುರುಕು ಬೀಗವೇ, ಇರಲಿ, ಬೀಗ ಅಂತೂ ಇದೆ. ಈ ಮಕ್ಕಳ ಪಾಲಿನ ಬೀಗ ಎಲ್ಲಿದೆ ಅಂತ ಹೆಡ್ಮೇಷ್ಟ್ರಿಗೂ ಗೊತ್ತಿಲ್ಲ, ಬಿ.ಇ.ಓ. ಸಾಹೇಬರಿಗೂ ಗೊತ್ತಿಲ್ಲ.

ಯಾರು ಈ ಮಕ್ಕಳು? ಗಂಡು ಅಂತ ಬರೆಸಿ ಶಾಲೆಗೆ ಸೇರಿಸಿದರೂ ತಾನು ಹೆಣ್ಣು ಅಂತ ಒಳಗೊಳಗೇ ತಿಳಿದ ಮಗು. ಹೆಣ್ಣು ಅಂತ ಲಂಗ ತೊಡಿಸಿದರೂ ತಾನು ಗಂಡು ಅಂತ ತಿಳಿದ ಮಗು. ಹದಿನಾಲ್ಕು ಹದಿನೈದರಲ್ಲಿ ಎಲ್ಲರ ಎದೆಯಲ್ಲೂ ಹುಟ್ಟುವ ಮೆಚ್ಚುಗೆ ತನ್ನಂಥ ಹುಡುಗನ ಮೇಲೇ ಹುಟ್ಟಿದ ಹುಡುಗ, ತನ್ನಂಥ ಹುಡುಗಿಯ ಮೇಲೇ ಹುಟ್ಟಿದ ಹುಡುಗಿ. ಸರ್ಕಾರದ ಕಾಗದ ಇವರನ್ನು ಲೈಂಗಿಕ ಅಲ್ಪಸಂಖ್ಯಾತರು, ಲಿಂಗತ್ವ ಅಲ್ಪಸಂಖ್ಯಾತರು ಅಂತ ಕರೆಯುತ್ತದೆ. ಬಳುಕಿ ನಡೆದವರೆಲ್ಲ ಇವರಲ್ಲ, ಇವರೆಲ್ಲ ಬಳುಕಿ ನಡೆಯುವವರೂ ಅಲ್ಲ. ಎಷ್ಟೋ ಮಕ್ಕಳು ಯಾರಿಗೂ ಗೊತ್ತಾಗದಂತೆ ಎರಡನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾರೆ, ಪಕ್ಕದವನಿಗೆ ಬಿದ್ದ ಏಟು ನಾಳೆ ತನಗೂ ಬಿದ್ದೀತು ಅಂತ ಎಣಿಸುತ್ತಾ.

ನಮ್ಮ ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನು ನಾನು. ನಮ್ಮಪ್ಪನದು ಹೆಬ್ಬೆಟ್ಟು. ಸರ್ಕಾರಿ ಶಾಲೆ ಇಲ್ಲದಿದ್ದರೆ ನನ್ನದೂ ಹೆಬ್ಬೆಟ್ಟೇ. ಆದ್ದರಿಂದ ಆ ಶಾಲೆಯ ಬಾಗಿಲಿಂದ ಯಾರನ್ನಾದರೂ ಹೊರಗೆ ದಬ್ಬಿದರೆ ನನಗೆ ಸಿಟ್ಟು ಬರುತ್ತದೆ. ನಾನು ಓದಿದ ಹೈಸ್ಕೂಲಿನಲ್ಲಿ ನನಗಿಂತ ಚೆನ್ನಾಗಿ ಹಳಗನ್ನಡ ಪದ್ಯ ಓದುತ್ತಿದ್ದ ಒಬ್ಬ ಹುಡುಗನಿದ್ದ. ದಸರಾ ರಜ ಮುಗಿದ ಮೇಲೆ ಅವನು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ದೀರ್ಘ ಗೈರು ಅಂತ ಬರೆದರು. ಯಾಕೆ ಅಂತ ಬರೆಯಲು ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಇಂಥ ಎಷ್ಟು ಮಕ್ಕಳನ್ನು ನಮ್ಮ ಶಾಲೆಗಳು ಶಾಲೆ ಬಿಟ್ಟವರು ಅಂತ ಲೆಕ್ಕ ಬರೆದಿವೆ? ಅವರು ಬಿಟ್ಟದ್ದಲ್ಲ, ಬಿಡಿಸಿದ್ದು.

2011ರ ಜನಗಣತಿಯಲ್ಲಿ ಮೊದಲ ಸಲ ಗಂಡು, ಹೆಣ್ಣು ಬಿಟ್ಟು ಇತರೆ ಅಂತ ಒಂದು ಕಾಲಂ ಬಂತು. ದೇಶದಲ್ಲಿ 4,87,803 ಜನ ಅದರಲ್ಲಿ ಸಿಕ್ಕರು. ಸಿಕ್ಕದವರು ಇನ್ನೆಷ್ಟೋ. ಇಡೀ ದೇಶದ ಸಾಕ್ಷರತೆ ಶೇಕಡಾ 73ರ ಹತ್ತಿರ ಇದ್ದಾಗ ಇವರದು 56. ಈ ನಡುವಿನ ಹದಿನೇಳು ಎಲ್ಲಿ ಹೋಯಿತು? ಬಸ್‌ಸ್ಟಾಂಡಿನಲ್ಲಿ, ಸಿಗ್ನಲ್ಲಿನಲ್ಲಿ ಚಪ್ಪಾಳೆ ತಟ್ಟಿ ಕಾಸು ಕೇಳುವವರನ್ನು ಕಂಡು ಮೂಗು ಮುರಿಯುವ ಮಾನವಂತರೇ, ಆ ಚಪ್ಪಾಳೆಯ ಮೊದಲ ಪಾಠ ಆದದ್ದು ನಿಮ್ಮ ಊರಿನ ಶಾಲೆಯ ಗೇಟಿನ ಹೊರಗೆ. ಯುನೆಸ್ಕೋ ತಮಿಳುನಾಡಿನಲ್ಲಿ ಮಾಡಿಸಿದ ಅಧ್ಯಯನದಲ್ಲಿ ಮಾತಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಾಧ್ಯಮಿಕ, ಪ್ರೌಢಶಾಲೆಯಲ್ಲಿ ಹೊಡೆತ ತಿಂದವರು. ಶಾಲೆಗೆ ದೂರು ಕೊಟ್ಟವರು ಬಹಳ ಕಡಿಮೆ. ಯಾರಿಗೆ ಕೊಡಬೇಕು ದೂರು? ನಗುವ ಮೇಷ್ಟ್ರಿಗೇ?

ಇದೆಲ್ಲ ಹೊಸದಲ್ಲ. 1871ರಲ್ಲಿ ಬ್ರಿಟಿಷರು ಒಂದು ಕಾಯ್ದೆ ತಂದರು. ಅದರ ಒಂದು ಭಾಗದಲ್ಲಿ ಹುಟ್ಟಾ ಅಪರಾಧಿಗಳು ಅಂತ ಹಣೆಪಟ್ಟಿ ಕಟ್ಟಿದ ಬುಡಕಟ್ಟುಗಳು, ಇನ್ನೊಂದು ಭಾಗದಲ್ಲಿ ಹಿಜಡಾಗಳು. ಇಬ್ಬರಿಗೂ ಪೊಲೀಸ್ ರಿಜಿಸ್ಟರು. ರಿಜಿಸ್ಟರಿನಲ್ಲಿರುವ ಹಿಜಡಾನ ಮನೆಯಲ್ಲಿ ಹದಿನಾರರೊಳಗಿನ ಹುಡುಗ ಇದ್ದರೆ ಜೈಲು. ಅಲೆಮಾರಿಯನ್ನೂ ಹಿಜಡಾನನ್ನೂ ಒಂದೇ ಹಗ್ಗದಲ್ಲಿ ಕಟ್ಟಿದವರಿಗೆ ಇಬ್ಬರೂ ತಮ್ಮ ವ್ಯವಸ್ಥೆಗೆ ಒಗ್ಗದವರು ಅನ್ನೋದು ಚೆನ್ನಾಗಿ ಗೊತ್ತಿತ್ತು. ನಮಗೆ ಮಾತ್ರ ಇನ್ನೂ ಗೊತ್ತಾಗಿಲ್ಲ. 140 ವರ್ಷ ಕಳೆದ ಮೇಲೆ 2011ರಲ್ಲಿ ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಒಂದು ಕಲಂ ಸೇರಿಸಿ ಅದೇ ಬಗೆಯ ರಿಜಿಸ್ಟರು ಇಡಲು ಅಧಿಕಾರ ಕೊಟ್ಟರು. ಆ ಸಮುದಾಯದವರೇ ಬೀದಿಗಿಳಿದು, ಕೋರ್ಟಿಗೆ ಹೋದ ಮೇಲೆ ಅದರೊಳಗಿನ ಹೀನ ಪದ ತೆಗೆದರು. ಒಂದು ಸಮಾಜ ಒಬ್ಬರ ಹೆಸರನ್ನು ಶಾಲೆಯ ರಿಜಿಸ್ಟರಿನಿಂದ ಹೊಡೆದು ಹಾಕಿ ಪೊಲೀಸ್ ರಿಜಿಸ್ಟರಿನಲ್ಲಿ ಬರೆಯುತ್ತದೆ ಅಂದರೆ ಅದು ಎಂಥ ಸಮಾಜ?

ಇಲ್ಲಿ ಕೆಲವು ಸಂಗಾತಿಗಳು ಕೈ ಎತ್ತುತ್ತಾರೆ. “ಇದೆಲ್ಲ ಬೆಂಗಳೂರಿನ ಇಂಗ್ಲಿಷ್ ಜನರ ಗಲಾಟೆ ಕಣಯ್ಯ. ಹಳ್ಳಿಯಲ್ಲಿ ಅಂಥದ್ದೆಲ್ಲ ಇಲ್ಲ. ನಮಗೆ ನಮ್ಮ ಹೊಟ್ಟೆಪಾಡು, ಭೂಮಿ, ಮೀಸಲಾತಿ ಸಾಕು” ಅಂತಾರೆ. ಹಳ್ಳಿಯಲ್ಲಿ ಇಲ್ಲವೆ? ಸವದತ್ತಿ ಗುಡ್ಡಕ್ಕೆ ಹೋಗಿ ಬನ್ನಿ. ಎಲ್ಲಮ್ಮನ ಜಾತ್ರೆಯಲ್ಲಿ ಸೀರೆ ಉಟ್ಟು ಚೌಡಿಕೆ ಹಿಡಿದು ಹಾಡುವ ಜೋಗಪ್ಪಗಳು ಯಾವ ಇಂಗ್ಲಿಷ್ ಕಾನ್ವೆಂಟಿನಿಂದ ಬಂದವರು? ಬಡವರ, ದಲಿತರ, ಹಿಂದುಳಿದವರ ಮನೆಯ ಮಕ್ಕಳೇ ಅಲ್ಲವೆ ಅವರಲ್ಲಿ ಬಹಳ ಜನ? ಗಂಡು ಮಗು ಹೆಣ್ಣಿನಂತೆ ನಡೆದರೆ ದೇವಿ ಮೈಮೇಲೆ ಬಂದಳು ಅಂತ ಮುತ್ತು ಕಟ್ಟಿ ಬಿಡುತ್ತಾರೆ. ಅಲ್ಲಿಂದ ಮುಂದೆ ಅವರಿಗೆ ಶಾಲೆ ಇಲ್ಲ, ಆಸ್ತಿ ಇಲ್ಲ, ಮನೆಯ ಮದುವೆಯ ಪಂಕ್ತಿಯಲ್ಲಿ ಎಲೆ ಇಲ್ಲ. ಜಾತ್ರೆಯ ದಿನ ಕಾಲಿಗೆ ಬೀಳುತ್ತಾರೆ, ಮಾರನೆ ದಿನ ಮನೆ ಜಗುಲಿ ಹತ್ತಿಸುವುದಿಲ್ಲ. ಇದು ನಮಗೆ ಗೊತ್ತಿರುವ ಮರ್ಯಾದೆಯೇ. ಹಬ್ಬಕ್ಕೆ ತಮಟೆ ಬೇಕು, ತಮಟೆ ಬಡಿದವನು ಗುಡಿಯೊಳಗೆ ಬೇಡ.

ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸಂತೋಷ. ಊರೂರಲ್ಲಿ ಅವರಿಗೆ ಶಾಲು ಹೊದಿಸಿದರು. ಶಾಲು ಹೊದಿಸಿದ ಶಾಲೆಯ ಎಂಟನೇ ತರಗತಿಯಲ್ಲಿ ಅಂಥದೇ ಇನ್ನೊಂದು ಮಗು ಕೂತಿದೆಯಲ್ಲ, ಅದರ ಪಾಡೇನು? ಒಬ್ಬರಿಗೆ ಪ್ರಶಸ್ತಿ ಕೊಟ್ಟು ಸಾವಿರ ಜನರಿಗೆ ಟಿ.ಸಿ. ಕೊಡುವುದು ಈ ವ್ಯವಸ್ಥೆಯ ಹಳೇ ಚಾಳಿ.

ಇನ್ನು ಹಕ್ಕಿನ ಮಾತು. ಇವರಿಗೆ ಕನಿಕರ ತೋರಿಸಿ ಅಂತ ನಾನು ಬರೆಯುತ್ತಿಲ್ಲ. ಕನಿಕರ ಉಳ್ಳವರ ಕಿಸೆಯ ಚಿಲ್ಲರೆ. ಹಕ್ಕು ಬೇರೆ. ಸಂವಿಧಾನದ 15ನೇ ವಿಧಿ ತೆಗೆದು ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗ ನೋಡಿ ಪ್ರಭುತ್ವ ಭೇದ ಮಾಡಕೂಡದು ಅಂತ ಇದೆ. ಜಾತಿ ಅನ್ನುವ ಪದವೂ ಲಿಂಗ ಅನ್ನುವ ಪದವೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂತಿವೆ. 2014ರ ಏಪ್ರಿಲ್ 15ರಂದು ನಾಲ್ಸಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಲಿಂಗ ಅಂದರೆ ಮೈಯ ಗುರುತು ಮಾತ್ರವಲ್ಲ, ಮನುಷ್ಯ ತನ್ನನ್ನು ತಾನು ಏನೆಂದು ತಿಳಿದಿದ್ದಾನೆ ಅನ್ನೋದೂ ಅದರಲ್ಲಿ ಸೇರುತ್ತದೆ ಅಂತ ತೀರ್ಪು ಕೊಟ್ಟಿತು. 2018ರ ಸೆಪ್ಟೆಂಬರ್ 6ರಂದು ನವತೇಜ್ ಜೋಹರ್ ಕೇಸಿನಲ್ಲಿ ವಯಸ್ಕರ ಒಪ್ಪಿತ ಪ್ರೀತಿಯನ್ನು ಅಪರಾಧ ಮಾಡಿದ್ದ 377ನೇ ಕಲಮಿನ ಹಲ್ಲು ಕಿತ್ತಿತು, ಯಾರು ಯಾರನ್ನು ಮೆಚ್ಚುತ್ತಾರೆ ಅನ್ನೋ ಕಾರಣಕ್ಕೆ ಭೇದ ಮಾಡುವುದೂ ಸಂವಿಧಾನಕ್ಕೆ ವಿರುದ್ಧ ಅಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ. ಎಲ್ಲರೆದುರು ನಿಲ್ಲಿಸಿ ‘ನಡೆದು ತೋರಿಸೋ’ ಅನ್ನುವುದು ಮಾನಸಿಕ ಹಿಂಸೆ ಅಲ್ಲದೆ ಮತ್ತೇನು? ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆ ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ಭೇದವಿಲ್ಲದೆ ಕಲಿಸಬೇಕು, ಆಟಕ್ಕೂ ಸೇರಿಸಬೇಕು ಅಂತ ಬರೆಯಿತು. ಬರೆದದ್ದು ದೆಹಲಿಯಲ್ಲಿ. ನಮ್ಮೂರ ಪಿ.ಟಿ. ಮೇಷ್ಟ್ರ ಸೀಟಿ ಕೇಳುವುದು ಬೇರೆ ಕಾನೂನು.

ಅದೇ 2019ರ ಕಾಯ್ದೆಯೊಳಗಿನ ಮೋಸವನ್ನೂ ನೋಡಿ. ಗುರುತಿನ ಪತ್ರಕ್ಕೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು. ಹದಿನೆಂಟು ತುಂಬದ ಮಗುವಾದರೆ ಅಪ್ಪ ಅಮ್ಮ, ಇಲ್ಲವೆ ಪೋಷಕರೇ ಅರ್ಜಿ ಹಾಕಬೇಕು ಅಂತ ಬರೆದರು. ಬೆಲ್ಟು ಬಿಚ್ಚಿ ಬಾರಿಸುವ ಅಪ್ಪನ ಹತ್ತಿರ ಹೋಗಿ, ‘ಅಪ್ಪಾ, ನಾನು ಹೆಣ್ಣು ಅಂತ ಡಿ.ಸಿ.ಗೆ ಒಂದು ಅರ್ಜಿ ಬರೆದುಕೊಡು’ ಅಂತ ಆ ಮಗು ಕೇಳಬೇಕೆ? ಹಕ್ಕನ್ನು ಕೊಟ್ಟು ಅದರ ಬೀಗದ ಕೈಯನ್ನು ಯಜಮಾನನ ಸೊಂಟಕ್ಕೆ ಸಿಕ್ಕಿಸುವುದು ಅಂದರೆ ಇದೇ.

ನಮ್ಮ ರಾಜ್ಯ 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಇವರಿಗೆ ಶೇಕಡಾ 1 ಸಮತಲ ಮೀಸಲಾತಿ ತಂದಿತು. ಸಮತಲ ಅಂದರೆ ಪರಿಶಿಷ್ಟ ಜಾತಿಯ ಪಾಲಿನೊಳಗೂ ಒಂದು, ಪಂಗಡದ ಪಾಲಿನೊಳಗೂ ಒಂದು, ಎಲ್ಲ ವರ್ಗದೊಳಗೂ ಒಂದು. ದಲಿತಳಾಗಿ ಹುಟ್ಟಿದ ಟ್ರಾನ್ಸ್ ಹೆಣ್ಣುಮಗಳು ಜಾತಿಯನ್ನು ಬಿಟ್ಟು ಬರಬೇಕಾಗಿಲ್ಲ. ತಮಿಳುನಾಡಿನಲ್ಲಿ ಗ್ರೇಸ್ ಬಾನು ಅವರು ವರ್ಷಾನುಗಟ್ಟಲೆ ಕೇಳುತ್ತಾ ಬಂದದ್ದು ಇದನ್ನೇ. ದೇಶದಲ್ಲಿ ನಾವೇ ಮೊದಲು ಅಂತ ಬೆನ್ನು ತಟ್ಟಿಕೊಂಡೆವು, ತಟ್ಟಿಕೊಳ್ಳೋಣ. ಆದರೆ ಆ ನೌಕರಿಗೆ ಅರ್ಜಿ ಹಾಕುವ ಮೊದಲು ಎಸ್ಸೆಸ್ಸೆಲ್ಸಿ ಪಾಸಾಗಬೇಕಲ್ಲ? ಎಂಟನೇ ತರಗತಿಯಲ್ಲೇ ಓಡಿಸಿ, ಮೂವತ್ತನೇ ವಯಸ್ಸಿಗೆ ನೌಕರಿ ಇದೆ ಬಾ ಅಂತ ಕರೆದರೆ ಬರುವವರು ಯಾರು? ಕೆಳಗಿನ ಮೆಟ್ಟಿಲು ಕಿತ್ತು ಹಾಕಿ ಮೇಲಿನ ಬಾಗಿಲು ತೆರೆದಿಟ್ಟರೆ ಅದಕ್ಕೆ ಸಾಮಾಜಿಕ ನ್ಯಾಯ ಅನ್ನುವುದಿಲ್ಲ.

ಮೇಷ್ಟ್ರಿಗೆ ತಿಳುವಳಿಕೆ ಕೊಡೋಣ ಅಂದರೆ ಅದಕ್ಕೂ ಅಡ್ಡಗಾಲು. 2021ರಲ್ಲಿ ಎನ್.ಸಿ.ಇ.ಆರ್.ಟಿ. ಟ್ರಾನ್ಸ್‌ಜೆಂಡರ್ ಮಕ್ಕಳನ್ನು ಶಾಲೆಯಲ್ಲಿ ಹೇಗೆ ಸೇರಿಸಿಕೊಳ್ಳಬೇಕು ಅಂತ ಶಿಕ್ಷಕರಿಗಾಗಿ ಒಂದು ಕೈಪಿಡಿ ತಂದಿತು. ತಿಳಿದವರು, ಆ ಸಮುದಾಯದವರು ಕೂತು ಬರೆದ ಕೈಪಿಡಿ. ಕೆಲವರು ಕೂಗೆಬ್ಬಿಸಿದರು. ಮಕ್ಕಳ ಹಕ್ಕು ಕಾಯಬೇಕಾದ ರಾಷ್ಟ್ರೀಯ ಆಯೋಗವೇ ಆಕ್ಷೇಪದ ಕಾಗದ ಬರೆಯಿತು. ಕೆಲವೇ ದಿನಗಳಲ್ಲಿ ಕೈಪಿಡಿ ಮಾಯ. ಅದೇ ವರ್ಷ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು ಶಾಲೆ ಕಾಲೇಜುಗಳಲ್ಲಿ ಈ ಮಕ್ಕಳ ಬಗ್ಗೆ ತಿಳುವಳಿಕೆ ಮೂಡಿಸಬೇಕು, ಅವರಿಗೆ ಹೊಂದುವ ಶೌಚಾಲಯ ಇರಬೇಕು, ದಾಖಲೆಯಲ್ಲಿ ಹೆಸರು ತಿದ್ದಲು ಅವಕಾಶ ಇರಬೇಕು ಅಂತ ಹೇಳಿತ್ತು. ಒಂದು ಕೋರ್ಟು ಕಲಿಸಿ ಅನ್ನುತ್ತದೆ, ಒಂದು ಆಯೋಗ ಕಲಿಸಬೇಡಿ ಅನ್ನುತ್ತದೆ. ಮಕ್ಕಳ ಮನಸ್ಸು ಕೆಡುತ್ತದಂತೆ! ಒಂಬತ್ತು ಅಂತ ಕೂಗಿ ಚಡ್ಡಿ ಬಿಚ್ಚಿಸುವಾಗ ಕೆಡದ ಮನಸ್ಸು, ಹಾಗೆ ಮಾಡಬಾರದು ಅಂತ ಪುಸ್ತಕದಲ್ಲಿ ಓದಿದರೆ ಕೆಡುತ್ತದೆಯೆ?

ದೂರದ ಒಂದು ಕತೆ ಕೇಳಿ. ಅಮೆರಿಕಾದ ವಿಸ್ಕಾನ್ಸಿನ್ ರಾಜ್ಯದ ಆಶ್‌ಲ್ಯಾಂಡ್ ಅನ್ನೋ ಸಣ್ಣ ಊರಿನ ಸರ್ಕಾರಿ ಶಾಲೆಯಲ್ಲಿ ಜೇಮಿ ನಬೋಜ್ನಿ ಅನ್ನುವ ಹುಡುಗ ಓದುತ್ತಿದ್ದ. ಅವನು ಸಲಿಂಗಿ ಅಂತ ತಿಳಿದ ಹುಡುಗರು ವರ್ಷಗಟ್ಟಲೆ ಕಾಡಿದರು. ಶೌಚಾಲಯದಲ್ಲಿ ಮೈಮೇಲೆ ಉಚ್ಚೆ ಹೊಯ್ದರು. ಹೊಟ್ಟೆಗೆ ಒದ್ದ ಒದೆಗೆ ಆಪರೇಷನ್ ಆಗಬೇಕಾಯಿತು. ದೂರು ಕೊಟ್ಟರೆ, ನೀನು ಹಾಗಿದ್ದರೆ ಹೀಗೇ ಆಗುತ್ತೆ ಅನ್ನೋ ಅರ್ಥದ ಉತ್ತರ. ಅವನು ಕೋರ್ಟಿಗೆ ಹೋದ. 1996ರಲ್ಲಿ ಮೇಲ್ಮನವಿ ಕೋರ್ಟು, ಬೇರೆ ಮಕ್ಕಳಿಗೆ ಕೊಟ್ಟ ರಕ್ಷಣೆಯನ್ನು ಇವನಿಗೆ ಕೊಡದಿದ್ದರೆ ಅದು ಸಮಾನತೆಯ ಭಂಗ, ಶಾಲೆಯ ಅಧಿಕಾರಿಗಳು ಉತ್ತರ ಹೇಳಬೇಕು ಅಂದಿತು. ಕೊನೆಗೆ ಸುಮಾರು 9 ಲಕ್ಷ ಡಾಲರ್ ಪರಿಹಾರಕ್ಕೆ ರಾಜಿಯಾಯಿತು. ಆ ದೇಶದಲ್ಲಿ ಇಂಥ ತೀರ್ಪು ಅದೇ ಮೊದಲು.

ನಾನು ಈ ಕತೆ ಹೇಳಿದ್ದು ಡಾಲರಿಗಾಗಿ ಅಲ್ಲ. ಆ ಹುಡುಗನನ್ನು ಕಾಪಾಡಿದ ಕಾನೂನು ಯಾವುದು ಅಂತ ನೋಡಿ. ಅವರ ಸಂವಿಧಾನದ 14ನೇ ತಿದ್ದುಪಡಿ. 1868ರಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರಿಗೆ ಸಮಾನ ರಕ್ಷಣೆ ಸಿಗಲಿ ಅಂತ ಬಂದದ್ದು. 1954ರಲ್ಲಿ ಕರಿಯ ಮಕ್ಕಳಿಗೆ ಬಿಳಿಯರ ಶಾಲೆಯ ಬಾಗಿಲು ತೆರೆಸಿದ ತೀರ್ಪಿಗೂ ಅದೇ ಆಧಾರ. ಕರಿಯರು ರಕ್ತ ಸುರಿಸಿ ತೆಗೆದ ಬಾವಿಯ ನೀರನ್ನು ಆ ಬಿಳಿ ಹುಡುಗ ಕುಡಿದ. ಬಾವಿ ತೋಡಿದವರು ಬೇಡ ಅನ್ನಬೇಕಿತ್ತೆ? ನಮ್ಮ 15ನೇ ವಿಧಿಯೂ ಅಂಥದೇ ಬಾವಿ. ಮಹಾಡಿನ ಕೆರೆಯಲ್ಲಿ ಬೊಗಸೆ ನೀರಿಗಾಗಿ ತಲೆ ಒಡೆಸಿಕೊಂಡ ಜನ ತೋಡಿದ ಬಾವಿ. ಅದರ ಕಟ್ಟೆಯ ಮೇಲೆ ಇನ್ನೊಬ್ಬ ಬಾಯಾರಿದವನು ಬಂದು ನಿಂತಾಗ ನೀನು ಯಾವ ಕುಲ ಅಂತ ಕೇಳುವ ಕೆಲಸ ನಮ್ಮದಲ್ಲ.

ಬಾಬಾಸಾಹೇಬರಿಗೂ ಇದಕ್ಕೂ ಸಂಬಂಧವಿಲ್ಲ ಅನ್ನುವವರಿಗೆ ಒಂದು ಮಾತು. 1934ರಲ್ಲಿ ರಘುನಾಥ ಧೋಂಡೊ ಕರ್ವೆ ಅವರ ‘ಸಮಾಜ ಸ್ವಾಸ್ಥ್ಯ’ ಪತ್ರಿಕೆಯ ಮೇಲೆ ಅಶ್ಲೀಲತೆಯ ಕೇಸು ನಡೆಯಿತು. ಓದುಗರು ಕೇಳಿದ ಲೈಂಗಿಕ ಪ್ರಶ್ನೆಗಳಿಗೆ, ಸಲಿಂಗ ಸಂಬಂಧದ ಪ್ರಶ್ನೆಗೂ, ಕರ್ವೆ ಅಳುಕಿಲ್ಲದೆ ಉತ್ತರ ಬರೆದಿದ್ದರು. ಬೊಂಬಾಯಿ ಹೈಕೋರ್ಟಿನಲ್ಲಿ ಕರ್ವೆ ಪರವಾಗಿ ಕರಿಕೋಟು ತೊಟ್ಟು ನಿಂತ ವಕೀಲರು ಯಾರು ಗೊತ್ತೆ? ಡಾ. ಬಿ.ಆರ್. ಅಂಬೇಡ್ಕರ್. ಕೇಸು ಸೋತರು. ಆದರೆ ಆ ಕಾಲಕ್ಕೆ, ಆ ವಿಷಯಕ್ಕೆ, ನಿಂತರು. ಅವರ ಫೋಟೋಗೆ ಹಾರ ಹಾಕುವ ನಾವು ತೊಂಬತ್ತು ವರ್ಷ ಕಳೆದರೂ ಇದು ನಮ್ಮ ವಿಷಯವಲ್ಲ ಅಂದರೆ ಅವರಿಗಿಂತ ಹಿಂದಕ್ಕೆ ನಡೆದ ಹಾಗಾಯಿತು.

ಇನ್ನೊಂದು ನೆನಪಿಸುತ್ತೇನೆ. ಬಾಲಕ ಭೀಮರಾವ್ ಓದಿದ ಶಾಲೆಯಲ್ಲಿ ನಲ್ಲಿಯನ್ನು ಅವನು ಮುಟ್ಟುವಂತಿರಲಿಲ್ಲ. ಪ್ಯೂನ್ ಬಂದು ತಿರುಗಿಸಿದರೆ ನೀರು, ಇಲ್ಲದಿದ್ದರೆ ಇಲ್ಲ. ಇವತ್ತಿನ ಶಾಲೆಯಲ್ಲಿ ನಲ್ಲಿ ಇದೆ, ನೀರೂ ಇದೆ, ಈ ಮಗು ಕುಡಿಯುವುದಿಲ್ಲ. ಕುಡಿದರೆ ಶೌಚಾಲಯಕ್ಕೆ ಹೋಗಬೇಕು. ಹುಡುಗರ ಕಡೆ ಹೋದರೆ ಬಾಗಿಲು ಹಾಕಿ ಹಿಡಿಯುತ್ತಾರೆ, ಹುಡುಗಿಯರ ಕಡೆ ಹೋದರೆ ಮೇಡಂ ಕೆನ್ನೆಗೆ ಬಾರಿಸುತ್ತಾರೆ. ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯ ತನಕ ಉಚ್ಚೆ ಕಟ್ಟಿ ಕೂತ ಮಗುವಿಗೆ ನಾಗರಿಕ ಹಕ್ಕಿನ ಪಾಠ ಮಾಡುವುದಕ್ಕೆ ನಾಚಿಕೆಯಾಗಬೇಕು.

ಹಳ್ಳಿಯ ಮೇಷ್ಟ್ರುಗಳೆ, ಮೇಡಂಗಳೆ, ಈ ಪತ್ರಿಕೆ ನಿಮ್ಮ ಕೈಗೆ ಬರುತ್ತದೆ ಅಂತ ಗೊತ್ತಿದ್ದೇ ಕೇಳುತ್ತಿದ್ದೇನೆ. ಸರ್ಕಾರದ ಸುತ್ತೋಲೆ ಬರಲಿ ಅಂತ ಕಾಯಬೇಡಿ. ಮೊದಲು ನಿಮ್ಮ ಬಾಯಿಂದ ಆ ಬೈಗುಳ ಹೋಗಲಿ, ಆಮೇಲೆ ತರಗತಿಯಿಂದ ತಾನಾಗಿ ಹೋಗುತ್ತದೆ. ಒಂದು ಶೌಚಾಲಯಕ್ಕೆ ಒಳಗಿಂದ ಚಿಲಕ ಹಾಕಿಸಿ, ಯಾವ ಮಗುವಾದರೂ ಹೋಗುವ ಹಾಗೆ ಬಿಡಿ. ಅದಕ್ಕೆ ಬೇಕಾದದ್ದು ಒಂದು ಚಿಲಕ, ನಾಲ್ಕು ಮೊಳೆ. ಮಗು ನಿಮ್ಮನ್ನು ನಂಬಿ ಗುಟ್ಟು ಹೇಳಿದರೆ ಅದನ್ನು ಒಯ್ದು ಅಪ್ಪನ ಕಿವಿಗೂ ಶಾಲಾಭಿವೃದ್ಧಿ ಸಮಿತಿಯ ಕಿವಿಗೂ ಹಾಕಬೇಡಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜನ ನ್ಯಾಯಾಧೀಶರು ಒಂದೇ ದನಿಯಲ್ಲಿ ಹೇಳಿದ್ದಾರೆ. ಮಗುವಿನ ಮೈಮೇಲೆ ಯಾರಾದರೂ ಕೈ ಹಾಕಿದರೆ, ಅದು ಗಂಡು ಮಗುವಾದರೂ, 2012ರ ಪೋಕ್ಸೋ ಕಾಯ್ದೆ ಇದೆ, 1098 ಇದೆ. ‘ಹುಡುಗರಾಟ’ ಅಂತ ಮುಚ್ಚಿ ಹಾಕಿದರೆ ಆ ಕಾಯ್ದೆಯ ಪ್ರಕಾರ ತಪ್ಪಿತಸ್ಥರು ನೀವೇ ಆಗುತ್ತೀರಿ. ಸಮವಸ್ತ್ರ ಒಂದು ದೊಡ್ಡ ಧರ್ಮಸಂಕಟ ಅನ್ನುವವರು ಕೇರಳದ ವಳಯನ್‌ಚಿರಂಗರದ ಸರ್ಕಾರಿ ಶಾಲೆ ನೋಡಲಿ. 2018ರಲ್ಲೇ ಅಲ್ಲಿ ಹುಡುಗ ಹುಡುಗಿಯರಿಗೆ ಒಂದೇ ಬಗೆಯ ಅಂಗಿ, ಮೊಣಕಾಲು ದಾಟುವ ಚಡ್ಡಿ ಶುರುವಾಯಿತು. ಆಕಾಶ ಕಳಚಿ ಬೀಳಲಿಲ್ಲ. ಹುಡುಗಿಯರು ಓಡಿದರು, ಅಷ್ಟೇ.

ವಿದ್ಯಾರ್ಥಿ ಸಂಗಾತಿಗಳೆ, ಹಾಸ್ಟೆಲಿನಲ್ಲಿ ಅನ್ನಕ್ಕೆ ಹುಳ ಬಿದ್ದರೆ ತಟ್ಟೆ ಬಡಿದು ಬೀದಿಗೆ ಬರುತ್ತೇವಲ್ಲ, ಅದೇ ಹಾಸ್ಟೆಲಿನ ರೂಮಿನಲ್ಲಿ ರಾತ್ರಿ ಒಬ್ಬನ ಬಾಯಿಗೆ ಟವಲು ತುರುಕಿದಾಗಲೂ ತಟ್ಟೆ ಬಡಿಯಬೇಕು. ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಸ್ಕಾಲರ್‌ಶಿಪ್ಪು, ಹಾಸ್ಟೆಲು, ಬ್ಯಾಕ್‌ಲಾಗ್ ಹುದ್ದೆಗಳ ಜೊತೆಗೆ ಇನ್ನು ಮೂರು ಸಾಲು ಸೇರಲಿ. ಮಾಯವಾದ ಕೈಪಿಡಿಯಂಥದೊಂದು ಕನ್ನಡದಲ್ಲಿ ಬಂದು ಪ್ರತಿ ಶಿಕ್ಷಕರ ತರಬೇತಿಯಲ್ಲೂ ಓದಿಸಬೇಕು. ಟಿ.ಸಿ.ಯಲ್ಲೂ ಅಂಕಪಟ್ಟಿಯಲ್ಲೂ ಮಗು ತನ್ನ ಹೆಸರನ್ನು ಅಪ್ಪನ ದಯೆ ಇಲ್ಲದೆ ತಿದ್ದಿಸಿಕೊಳ್ಳುವಂತಾಗಬೇಕು. ನೌಕರಿಯಲ್ಲಿ ಕೊಟ್ಟ ಶೇಕಡಾ 1 ಪಿ.ಯು.ಸಿ., ಡಿಗ್ರಿ, ಡಿ.ಎಡ್., ಬಿ.ಎಡ್. ಸೀಟುಗಳಿಗೂ, ಹಾಸ್ಟೆಲಿಗೂ ಇಳಿದು ಬರಬೇಕು.

ಇದನ್ನು ಓದಿ ನಗುವವರು ಇದ್ದಾರೆ. ನಗಲಿ. ಕೇರಿಯ ಮಕ್ಕಳು ಸ್ಲೇಟು ಹಿಡಿದ ದಿನವೂ ಊರು ನಕ್ಕಿತ್ತು. ಆ ಮಕ್ಕಳ ಮಕ್ಕಳು ಇವತ್ತು ಅದೇ ಶಾಲೆಯಲ್ಲಿ ಚಾಕ್‌ಪೀಸು ಹಿಡಿದಿದ್ದಾರೆ. ಅವರ ಕೈಯಲ್ಲಿ ಈಗ ಹಾಜರಿ ಪುಸ್ತಕ ಇದೆ. ಯಾರ ಹೆಸರು ಅದರೊಳಗೆ ಉಳಿಯಬೇಕು ಅನ್ನೋದನ್ನು ಇನ್ನು ಮೇಲೆ ಊರ ಗೌಡ ತೀರ್ಮಾನಿಸುವುದಿಲ್ಲ, ಅವರು ತೀರ್ಮಾನಿಸುತ್ತಾರೆ. ಅವರ ತೀರ್ಮಾನ ಏನು ಅಂತ ಕೇಳುವ ಹಕ್ಕು ನಮಗಿದೆ.